ಜ್ವರ ಅಂತ ಬರೀಬೇಡಿ

ಶಿವಮೊಗ್ಗದ ಕೋರ್ಟಿನ ಜಗಲಿಯಲ್ಲಿ ನಿಂತು ರುದ್ರಪ್ಪನವರು ಒಂದು ಹೆಸರು ಕೂಗಿದರೆ, ಎದುರಿನ ಮರದ ಕೆಳಗೆ ನಿದ್ದೆ ಹೋಗಿದ್ದವನೂ ಎದ್ದು ಪಂಚೆ ಸರಿಮಾಡಿಕೊಳ್ಳುತ್ತಿದ್ದ. ಅವರು ಕೋರ್ಟಿನ ಜವಾನ. ಪ್ರತಿ ಹೆಸರನ್ನೂ ಮೂರು ಸಲ ಕೂಗುವುದು ಅವರ ಕೆಲಸ. ಎದೆಯ ಮೇಲೆ ಹಿತ್ತಾಳೆಯ ಬಿಲ್ಲೆ, ಹಣೆಯ ಮೇಲೆ ವಿಭೂತಿ, ನೋಡಿದರೆ ನ್ಯಾಯಾಧೀಶರಿಗಿಂತ ಇವರಿಗೇ ಹೆದರಬೇಕು ಅನ್ನಿಸುವ ನಿಲುವು. ಆದರೆ ಸಂಜೆ ಬಿಲ್ಲೆ ಬಿಚ್ಚಿಟ್ಟ ಮೇಲೆ ಅವರ ಮಾತು ಪಕ್ಕದಲ್ಲಿ ಕೂತವರಿಗೂ ಸರಿಯಾಗಿ ಕೇಳಿಸುತ್ತಿರಲಿಲ್ಲ. "ದಿನವಿಡೀ ಸರ್ಕಾರಕ್ಕೆ ಕೂಗಿರ್ತೀನಿ. ಮನೆಗೆ ಉಳಿಯೋದು ಇಷ್ಟೇ" ಅನ್ನುತ್ತಿದ್ದರು.

ಆ ಉಳಿದ ದನಿಯಲ್ಲಿ ಅವರು ಇನ್ನೊಂದು ಕೆಲಸ ಮಾಡುತ್ತಿದ್ದರು. ಕುಡಿತ ಹತ್ತಿಕೊಂಡವರ ಮನೆಗೆ ಹೋಗಿ, ಮನೆಯವರನ್ನೆಲ್ಲ ಅವನ ಎದುರಿಗೇ ಕೂರಿಸಿ ಮಾತಾಡಿಸುತ್ತಿದ್ದರು. ಈಗ ಅದಕ್ಕೆ ಓದಿ ಪಾಸಾದವರಿದ್ದಾರೆ, ಬೋರ್ಡು ಹಾಕಿಕೊಂಡು ಕೂತಿರುತ್ತಾರೆ. ರಾಜ್ಯ ಒಂದಾದ ಮರುವರ್ಷದ ಮಾತು ನಾನು ಹೇಳುತ್ತಿರುವುದು. ಆಗ ನಮ್ಮ ಕಡೆ ಆ ಕೆಲಸಕ್ಕೆ ಹೆಸರೇ ಇರಲಿಲ್ಲ.

ನಾನು ಅವರನ್ನು ಹುಡುಕಿಕೊಂಡು ಹೋದದ್ದು ನನ್ನ ಅಣ್ಣ ಮಹದೇವನಿಗಾಗಿ. ನಮ್ಮ ಮನೆ ಭದ್ರಾವತಿಯ ಓಲ್ಡ್ ಟೌನಿನಲ್ಲಿ. ಅಪ್ಪ ಇರಲಿಲ್ಲ. ಅವ್ವ, ಅಣ್ಣ, ಅತ್ತಿಗೆ ಗಿರಿಜ, ಅವರ ವರ್ಷದ ಮಗು, ಮತ್ತು ಪ್ರೈಮರಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ನಾನು. ಅಣ್ಣ ಕಾರ್ಖಾನೆಯಲ್ಲಿ ಎರಕದ ಕೆಲಸಕ್ಕಿದ್ದ. ಕಳ್ಳಬಟ್ಟಿ ಕುಡಿದು ಏಳಲಾಗದೆ ಬಿದ್ದಿರುತ್ತಿದ್ದ ದಿನ ಅವ್ವ ನನ್ನ ಮುಂದೆ ಕಾಗದ ಇಟ್ಟು, "ಜ್ವರ ಅಂತ ಬರಿ" ಅನ್ನುತ್ತಿದ್ದಳು. ನನ್ನ ಅಕ್ಷರ ದುಂಡಗಿತ್ತು. 'ತೀವ್ರ ಜ್ವರದ ನಿಮಿತ್ತ' ಎಂದು ಬರೆದು ಕೊಡುತ್ತಿದ್ದೆ. ಕಾಗದದಲ್ಲಿ ಶುರುವಾದ ಮಾತು ಕೊನೆಗೆ ಮನೆಯೊಳಗೂ ಬಂತು. ಅತ್ತಿಗೆ ನೀರು ಸೇದುವಾಗ ನನ್ನ ಮುಖ ನೋಡದೆ, "ಇವತ್ತು ಅವರಿಗೆ ಜ್ವರ" ಎನ್ನುವಳು. ಅಷ್ಟು ಹೇಳಿದರೆ ನನಗೆ ತಿಳಿಯುತ್ತಿತ್ತು.

ನಾವೇನು ಕೈಕಟ್ಟಿ ಕೂತಿರಲಿಲ್ಲ. ಒಬ್ಬ ಡಾಕ್ಟರು ಅಣ್ಣನಿಗೆ ಚೆನ್ನಾಗಿ ಬೈದು ಕಳಿಸಿದರು. ಆಮೇಲೆ ತಾಯಿತ ಕಟ್ಟಿಸಿದೆವು. ಆಯನೂರಿನ ಕಡೆಯಿಂದ ಯಾರೋ ಪುಡಿ ತಂದುಕೊಟ್ಟರು, ಗೊತ್ತಾಗದ ಹಾಗೆ ಸಾರಿಗೆ ಬೆರೆಸಿದರೆ ಕುಡಿತದ ಮೇಲೆ ಹೇಸಿಗೆ ಹುಟ್ಟುತ್ತದಂತೆ. ಬೆರೆಸಿದೆವು. ಅಣ್ಣ ಆ ದಿನ ಊಟಕ್ಕೇ ಬರಲಿಲ್ಲ. ಸಾರು ದಂಡವಾಗಬಾರದು ಅಂತ ಉಂಡ ನಾವು ಮೂವರೂ ಎರಡು ದಿನ ವಾಂತಿ ಮಾಡಿಕೊಂಡು ಮಲಗಿದೆವು. ಅಣ್ಣ ಬಂದು, "ಏನಾಯ್ತು ನಿಮಗೆಲ್ಲ, ಜ್ವರಾನಾ?" ಅಂತ ಕೇಳಿದ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನನ್ನ ಜೊತೆಯ ಟೀಚರೊಬ್ಬಳ ಗಂಡ ರುದ್ರಪ್ಪನವರಿಂದ ಕುಡಿತ ಬಿಟ್ಟಿದ್ದ. "ಆತ ಔಷಧಿ ಕೊಡಲ್ಲ ಮಾರಾಯ್ತಿ, ಸಾಕ್ಷಿ ಹೇಳಿಸ್ತಾನೆ" ಅಂದಳು. ಒಂದು ರಜೆಯ ದಿನ ಶಿವಮೊಗ್ಗದ ರೈಲು ಹತ್ತಿದೆ. ಕೋರ್ಟಿನ ಜಗಲಿಯ ಮೂಲೆಯಲ್ಲಿ ಅವರು ಬುತ್ತಿ ಬಿಚ್ಚುತ್ತಿದ್ದರು.

"ಏನಾಗಬೇಕಿತ್ತು?"

"ನಮ್ಮಣ್ಣನಿಗೆ ಆಗಾಗ ಜ್ವರ ಬರುತ್ತೆ."

"ಜ್ವರಕ್ಕೆ ಕೋರ್ಟಿಗ್ಯಾಕೆ ಬಂದ್ರಿ? ಏನಾಗಿದೆ?"

"ಮೈ ಹುಷಾರಿರಲ್ಲ. ಕೆಲಸಕ್ಕೆ ಹೋಗೋಕಾಗಲ್ಲ."

ಅವರು ಬುತ್ತಿ ಮುಚ್ಚಿದರು. "ತಂಗಿ, ನಾನು ಯಾರನ್ನಾದ್ರೂ ಮೂರೇ ಸಲ ಕೂಗೋದು. ಇದು ಮೂರನೇದು. ಏನಾಗಿದೆ?"

"ಕುಡೀತಾನೆ" ಅಂದೆ. ಆ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅತ್ತುಬಿಟ್ಟೆ. ಅವರು ಸಮಾಧಾನ ಹೇಳಲಿಲ್ಲ, ಬುತ್ತಿಯಿಂದ ಅರ್ಧ ರೊಟ್ಟಿ ಮುರಿದು ಕೊಟ್ಟರು.

ಮುಂದಿನ ಭಾನುವಾರ ಬೆಳಗ್ಗೆ ನಮ್ಮ ಮನೆಗೆ ಬಂದರು. ಅಣ್ಣ ಸ್ವಲ್ಪ ಹುಷಾರಾಗಿದ್ದ ಹೊತ್ತು. ಅವನನ್ನು ನಡುಮನೆಯ ಗೋಡೆಗೆ ಒರಗಿಸಿ ಕೂರಿಸಿ, ಎದುರಿಗೆ ನಮ್ಮನ್ನು ಕೂರಿಸಿದರು. ಒಂದೇ ಕಟ್ಟಳೆ. "ಕಂಡಿದ್ದು ಹೇಳಿ. ಕೇಳಿದ್ದು ಬೇಡ. ಅನ್ಸಿದ್ದು ಬೇಡವೇ ಬೇಡ. ಯಾರೂ ಬೈಬಾರ್ದು."

"ನಿಮಗೇನ್ ಗೊತ್ತು ಇದರ ಕಷ್ಟ?" ಅಂದ ಅಣ್ಣ.

"ಹತ್ತು ವರ್ಷ ಕುಡ್ದಿದೀನಿ, ಸ್ವಾಮಿ. ಬಿಲ್ಲೆ ಮಾರ್ಕೊಂಡು ಕುಡ್ದಿದೀನಿ. ಒಂದಿನ ನನ್ನ ಹೆಂಡ್ತಿ ಎದುರಿಗೆ ಕೂತು, ಕಂಡಿದ್ದನ್ನ ಒಂದೊಂದೇ ಹೇಳಿದ್ಲು. ಬೈಲಿಲ್ಲ. ಬೈದಿದ್ರೆ ತಿರುಗಿ ಬೈದು ಆಚೆ ಹೋಗ್ತಿದ್ದೆ."

ಆಮೇಲೆ ಆ ಸಣ್ಣ ದನಿಯಲ್ಲೇ ಅತ್ತಿಗೆಯ ಹೆಸರು ಕರೆದರು. ಅತ್ತಿಗೆ ನೆಲ ನೋಡಿಕೊಂಡು ಹೇಳಿದಳು. "ದೀಪಾವಳಿ ಹಿಂದಿನ ದಿನ ನೀವು ಮಗೂನ ಎತ್ಕೊಂಡ್ರಿ. ಹೊಸ್ತಿಲ ಹತ್ರ ಕೈ ಜಾರಿ ಮಗು ಬಿತ್ತು. ನಿಮಗೆ ಗೊತ್ತಾಗ್ಲಿಲ್ಲ. ಖಾಲಿ ಕೈನೇ ತೂಗ್ತಾ ಲಾಲಿ ಹೇಳ್ತಿದ್ರಿ."

ಮಗುವಿನ ಹಣೆಯ ಗಾಯಕ್ಕೆ ಬಾಗಿಲು ಬಡಿಯಿತು ಅಂತ ನನಗೂ ಹೇಳಿದ್ದಳು. ಅಣ್ಣ ತನ್ನ ಎರಡು ಕೈಗಳನ್ನೂ ಮಡಿಲಲ್ಲಿಟ್ಟುಕೊಂಡು ನೋಡುತ್ತ ಕೂತ. ನಾನು ರಜೆ ಚೀಟಿಗಳ ವಿಷಯ ಹೇಳಿದೆ. ನಾನು ಬರೆಯುತ್ತಿದ್ದಾಗ ಅವನು ಪಕ್ಕದಲ್ಲೇ ವಾಂತಿ ಮಾಡಿಕೊಂಡದ್ದು, ಕಾಗದಕ್ಕೆ ಸಿಡಿದದ್ದು, ಬೇರೆ ಕಾಗದದಲ್ಲಿ ಮತ್ತೆ ಜ್ವರ ಅಂತಲೇ ಬರೆದದ್ದು.

ಕೊನೆಗೆ ಅವ್ವನ ಸರದಿ. "ನನ್ನ ಮಗ ಒಳ್ಳೇನು" ಅಂದಳು.

"ಅದು ಅನ್ಸಿದ್ದು ಅವ್ವ. ಕಂಡಿದ್ದು?"

"ನಾನೇನೂ ಕಂಡಿಲ್ಲ."

ರುದ್ರಪ್ಪನವರು ಮೂರು ಸಲ ಕೇಳಿದರು. ಮೂರು ಸಲವೂ ಅವ್ವನದು ಅದೇ ಉತ್ತರ. ಅವರು ಬಲವಂತ ಮಾಡಲಿಲ್ಲ.

ಅಣ್ಣ ಬಿಡ್ತೀನಿ ಅಂದ. ಕುಡಿಯದಿದ್ದಾಗ ಅವನು ಸುಳ್ಳು ಹೇಳುವವನಲ್ಲ. ಆದರೆ ರುದ್ರಪ್ಪನವರ ಮುಖದಲ್ಲಿ ಸಂತೋಷ ಕಾಣಲಿಲ್ಲ. ನನ್ನನ್ನು ಅಂಗಳಕ್ಕೆ ಕರೆದು ಹೇಳಿದರು. "ತಂಗಿ, ಬಿಟ್ಟ ಎರಡನೇ ದಿನ, ಮೂರನೇ ದಿನ ಜೀವಕ್ಕೇ ಅಪಾಯ. ಲಾಕಪ್ಪಲ್ಲಿ ಕಂಡಿದೀನಿ. ಕೈ ನಡುಗುತ್ತೆ, ಇಲ್ಲದ್ದು ಕಾಣುತ್ತೆ. ಹಂಗಾದ ತಕ್ಷಣ ನನಗೊಂದು ಚೀಟಿ ಕಳಿಸಿ. ಗೊತ್ತಿರೋ ಡಾಕ್ಟ್ರಿದಾರೆ, ಕಾರ್ಖಾನೆಗೆ ಸುದ್ದಿ ಹೋಗದಂಗೆ ಸೇರಿಸ್ಕೊಂತಾರೆ, ನಾನೇ ಬಂದು ಕರ್ಕೊಂಡು ಹೋಗ್ತೀನಿ. ಚೀಟೀಲಿ ಕಂಡಿದ್ದು ಬರೀರಿ. ಜ್ವರ ಅಂತ ಮಾತ್ರ ಬರೀಬೇಡಿ. ಆ ಮಾತು ಕಂಡ್ರೆ ಮತ್ತೆ ಕುಡಿದ ಅಂತ ತಿಳ್ಕೊಂತೀನಿ. ಕುಡಿದೋನ ಮುಂದೆ ನನಗೇನೂ ಕೆಲಸ ಇಲ್ಲ."

ಮಂಗಳವಾರ ಬೆಳಗ್ಗೆ ಅಣ್ಣನ ಕೈ ಲೋಟ ಹಿಡಿಯದಾಯಿತು. ಕಂಬಳಿಯಿಂದ ಇಲ್ಲದ ಇರುವೆಗಳನ್ನು ಹೆಕ್ಕಿ ಹೆಕ್ಕಿ ಬಿಸಾಡುತ್ತಿದ್ದ. ಗೋಡೆಯ ಕಡೆ ತಿರುಗಿ, ತೀರಿಹೋದ ಅಪ್ಪನ ಹತ್ತಿರ ಏನೋ ಹೇಳುತ್ತಿದ್ದ. ಮುಟ್ಟಿ ನೋಡಿದರೆ ಮೈ ಸುಡುತ್ತಿತ್ತು. ನಾನು ಕಾಗದ ತೆಗೆದೆ. ಚೀಟಿ ಒಯ್ಯಬೇಕಾದವರು ಪಕ್ಕದ ಮನೆಯ ಗುಮಾಸ್ತರು, ದಿನಾ ಶಿವಮೊಗ್ಗಕ್ಕೆ ಕೆಲಸಕ್ಕೆ ಹೋಗಿಬರುವವರು. ಚೀಟಿಯನ್ನು ಬಿಚ್ಚಿ ಓದದೆ ಇರುವ ಜಾತಿಯಲ್ಲ.

"ಅವರು ಓದ್ತಾರೆ ಕಣೆ. ಊರೆಲ್ಲ ಆಗುತ್ತೆ. ಜ್ವರ ಅಂತ ಬರಿ" ಅಂದಳು ಅವ್ವ. "ಮೈ ಸುಡ್ತಿಲ್ವಾ? ಸುಳ್ಳೇನಲ್ವಲ್ಲ."

'ಅಣ್ಣನಿಗೆ ತೀವ್ರ ಜ್ವರ. ಕೂಡಲೇ ಬನ್ನಿ' ಎಂದು ಬರೆದೆ. ಅದೇ ದುಂಡನೆಯ ಅಕ್ಷರ. ಅಷ್ಟು ವರ್ಷಗಳಲ್ಲಿ ಆ ಮಾತನ್ನು ನಾನು ನಿಜವಾಗಿ ಬರೆದದ್ದು ಅದೊಂದೇ ಸಲ. ರುದ್ರಪ್ಪನವರು ಹೇಳಿದ್ದು ನೆನಪಿರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ನೆನಪಿತ್ತು. ಕೂಡಲೇ ಬನ್ನಿ ಅಂತ ಸೇರಿಸಿದ್ದೇನಲ್ಲ, ತಿಳಿದುಕೊಳ್ಳುತ್ತಾರೆ ಅಂದುಕೊಂಡೆ.

ಅವರು ಬರಲಿಲ್ಲ. ಸಂಜೆಯ ರೈಲಿಗೂ ಬರಲಿಲ್ಲ. ಕಾರ್ಖಾನೆಯ ಆಸ್ಪತ್ರೆಗಾದರೂ ಹೋಗೋಣ ಎಂದು ಅತ್ತಿಗೆ ಅತ್ತಳು. ಕೆಲಸ ಹೋಗುತ್ತದೆ, ನಾಳೆ ನೋಡೋಣ ಎಂದಳು ಅವ್ವ. ನಾನು ಅವ್ವನ ಮಾತು ಮೀರಲಿಲ್ಲ. ಬುಧವಾರ ಮಧ್ಯಾಹ್ನ ಕೊನೆಗೂ ಜಟಕಾ ತರಿಸಿದೆವು. ಅಣ್ಣ ಆಸ್ಪತ್ರೆ ಮುಟ್ಟಲಿಲ್ಲ.

ಆ ದಿನ ಸಂಜೆ ರುದ್ರಪ್ಪನವರು ಬಂದರು. ಮತ್ತೆ ಕುಡಿದದ್ದಕ್ಕೆ ನಾಲ್ಕು ಮಾತು ಕೇಳಿಯೇ ಹೋಗಬೇಕು ಅಂತ ಬಂದವರು. ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಅಣ್ಣ ಅದೇ ನಡುಮನೆಯಲ್ಲಿ, ಅದೇ ಗೋಡೆಗೆ ಒರಗಿ, ವಿಭೂತಿ ಹಚ್ಚಿಕೊಂಡು ಕೂತಿದ್ದ. ಹೊಸ್ತಿಲಲ್ಲಿ ನಿಂತು ಒಳಗೆ ನೋಡಿದ ರುದ್ರಪ್ಪನವರ ಮುಖ ಒಂದು ಗಳಿಗೆ ಅರಳಿತು. ಸದ್ಯ, ಎದ್ದು ಕೂತಿದ್ದಾನೆ ಅಂದುಕೊಂಡಿರಬೇಕು. ಆಮೇಲೆ ಕೊರಳಲ್ಲಿದ್ದ ಹೂವಿನ ಹಾರ ಕಂಡಿತು. ಆ ಮುಖವನ್ನು ನಾನು ಇವತ್ತಿಗೂ ಮರೆತಿಲ್ಲ.

ಜೇಬಿನಿಂದ ಚೀಟಿ ತೆಗೆದು, "ಜ್ವರ ಇತ್ತಾ ತಂಗಿ?" ಅಂದರು.

"ಇತ್ತು. ಇರುವೆ ಹೆಕ್ತಿದ್ದ. ಅದನ್ನ ನಾನು ಬರೀಲಿಲ್ಲ."

ಅವರು ಅಣ್ಣನ ಎದುರಿಗೆ ನೆಲದ ಮೇಲೆ ಕೂತರು. ಸಾಕ್ಷಿ ಹೇಳುವವರ ಹಾಗೆ ಹೇಳಿದರು. "ನಿನ್ನೆ ಹನ್ನೊಂದು ಗಂಟೆಗೆ ಚೀಟಿ ನನ್ನ ಕೈಗೆ ಬಂತು. ಎರಡಕ್ಕೆ ಭದ್ರಾವತಿ ರೈಲಿತ್ತು. ಓದಿ, ಮಡಚಿ ಜೇಬಿಗಿಟ್ಕೊಂಡೆ. ಹತ್ಲಿಲ್ಲ."

ಆಗ ಅವ್ವ ಬಾಯಿ ಬಿಟ್ಟಳು. "ನಾನು ಕಂಡೆ. ಎಲ್ಲಾನೂ ಕಂಡಿದೀನಿ. ಹೊಸ್ತಿಲ ಹತ್ರ ಮಗು ಬಿದ್ದಿದ್ದನ್ನೂ ಕಂಡಿದೀನಿ. ಜ್ವರ ಅಂತ ಬರಿ ಅಂದೋಳು ನಾನು." ಅವಳನ್ನು ಯಾರೂ ಸುಮ್ಮನಿರಿಸಲಿಲ್ಲ.

ಒಂದು ವರ್ಷ ನನಗೆ ರುದ್ರಪ್ಪನವರ ಮೇಲೆ ತಡೆಯಲಾರದ ಸಿಟ್ಟಿತ್ತು. ನನ್ನ ಮೇಲಿನ ಸಿಟ್ಟನ್ನು ಅವರ ಮೇಲೆ ಹಾಕುತ್ತಿದ್ದೇನೆ ಎಂದು ತಿಳಿಯಲು ಅಷ್ಟು ಕಾಲ ಬೇಕಾಯಿತು. ಅವರೂ ಕೆಲಕಾಲ ಯಾರ ಮನೆಗೂ ಹೋಗಲಿಲ್ಲವಂತೆ. ಮತ್ತೆ ಹೋಗಲು ಶುರುಮಾಡಿದಾಗ ಚೀಟಿಯ ಮಾತೇ ಎತ್ತಲಿಲ್ಲ. ಹೋದ ಮನೆಯ ಜಗಲಿಯಲ್ಲೇ ಮೂರು ದಿನ ಉಳಿಯುತ್ತಿದ್ದರು. ಅದಕ್ಕಾಗಿ ಹಾಕುವ ತಮ್ಮ ರಜೆ ಅರ್ಜಿಯಲ್ಲಿ 'ಒಬ್ಬರು ಕುಡಿತ ಬಿಡುತ್ತಿದ್ದಾರೆ, ಕಾಯಬೇಕಾಗಿದೆ' ಎಂದು ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದರು. ಎಲ್ಲರ ಹಾಗೆ ಜ್ವರ ಅಂತ ಬರೆಯಲು ನಿನಗೇನು ಧಾಡಿ ಎಂದು ಶಿರಸ್ತೇದಾರರು ಬೈದರಂತೆ. ಇದನ್ನು ಅವರೇ ನನಗೆ ಹೇಳಿದರು. ಇಬ್ಬರೂ ನಗಲಿಲ್ಲ.

ಅವರು ನಿವೃತ್ತರಾಗಿ ಎರಡು ವರ್ಷವಾಗಿತ್ತು. ಒಂದು ಶನಿವಾರ ಅದೇ ಪಕ್ಕದ ಮನೆಯ ಗುಮಾಸ್ತರು ಬೇಲಿಯ ಆಚೆಯಿಂದ, "ನಿಮ್ಮ ರುದ್ರಪ್ಪನೋರಿಗೆ ಜ್ವರವಂತೆ" ಎಂದರು.

"ನೀವು ಕಂಡ್ರಾ?"

"ಇಲ್ಲಮ್ಮ, ಯಾರೋ ಅಂದ್ರು."

ಕೈಯಲ್ಲಿದ್ದ ಬಟ್ಟೆಯನ್ನು ಅಲ್ಲೇ ಬಿಟ್ಟು ಸಿಕ್ಕ ಮೊದಲ ಬಸ್ಸು ಹತ್ತಿದೆ. ರಾಗಿಗುಡ್ಡದ ಹತ್ತಿರ ಅವರ ಮನೆ. ದಾರಿಯುದ್ದಕ್ಕೂ, ಮತ್ತೆ ಕುಡಿತಕ್ಕೆ ಬಿದ್ದರೇನೋ ಎಂದು ಹೆದರುತ್ತಿದ್ದೆ. ಹಾಗಾಗಿದ್ದರೂ ಹೋಗುವವಳೇ. ಅವರು ಚಾಪೆಯ ಮೇಲೆ ಮಲಗಿದ್ದರು. ತಲೆಯ ಹತ್ತಿರ ಹೆಂಡತಿ ಕೂತಿದ್ದರು. ನನ್ನನ್ನು ನೋಡಿ ರುದ್ರಪ್ಪನವರು ಏನೋ ಅಂದರು. ಕೇಳಿಸಲಿಲ್ಲ. ಬಗ್ಗಿದೆ.

"ಯಾರು ಹೇಳಿದ್ರು?"

"ಕೇಳಿದ್ದು. ಅದಕ್ಕೇ ನೋಡೋಕೆ ಬಂದೆ."

"ಏನ್ ಕಂಡ್ರಿ?"

ಹಣೆ ಮುಟ್ಟಿದೆ. ಕೈಯನ್ನು ಕೈಯಲ್ಲಿ ತೆಗೆದುಕೊಂಡೆ. "ಮೈ ಸುಡ್ತಿದೆ. ತುಟಿ ಒಣಗಿದೆ. ಕೈ ನಡುಗ್ತಿಲ್ಲ."

"ಹಂಗಾದ್ರೆ ಈಗ ಬರೀಬಹುದು ತಂಗಿ, ಜ್ವರ ಅಂತ."

ಆಸ್ಪತ್ರೆಗೆ ಸೇರಿಸಿದೆವು. ನಾಲ್ಕನೆಯ ದಿನ ತೀರಿಕೊಂಡರು. ನಾನು ಅಲ್ಲೇ ಇದ್ದೆ.