ಆಯಿ, ಮೊಮ್ಮಗಳು ಕೂಡಿ ಮಸೇರಿ ಬಿಟ್ಟದ್ದು

ಮಗಳು ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಒಂದು ಮಧ್ಯಾಹ್ನ ಅವಳ ಸಾಲಿಯಿಂದ ಫೋನ್ ಬಂತು. ನಾನು ಬಬಲೇಶ್ವರದ ದವಾಖಾನೆಯಲ್ಲಿ ನರ್ಸ್. ಆಗ ಕೂಸುಗಳಿಗೆ ಸೂಜಿ ಹಾಕುತ್ತಿದ್ದೆ. "ಹುಡುಗ್ಯಾರ ಚೀಲದಾಗ ನಶಾ ಮಾಡೂ ಸಾಮಾನ ಸಿಕ್ಕದರಿ, ಲಗೂ ಬರ್ರಿ" ಅಂದರು. ಕೈಯಲ್ಲಿದ್ದ ಕೂಸನ್ನು ಅದರ ತಾಯಿಗೆ ಕೊಟ್ಟು, ಜೊತೆಯವಳಿಗೆ ಕೆಲಸ ಒಪ್ಪಿಸಿ ವಿಜಯಪುರದ ಬಸ್ ಹತ್ತಿದೆ. ಗಾಂಜಾ ಇರಬಹುದೇ, ಪಂಕ್ಚರ್ ತಿದ್ದುವ ಸೊಲ್ಯೂಷನ್ ಇರಬಹುದೇ ಎಂದು ದಾರಿಯುದ್ದಕ್ಕೂ ಒದ್ದಾಡಿದೆ.

ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ಇಬ್ಬರು ಹುಡುಗಿಯರು ಗೋಡೆಗೆ ಆತು ನಿಂತಿದ್ದರು. ಒಬ್ಬಳು ನನ್ನ ಮಗಳು. ಇನ್ನೊಬ್ಬಳು ಅವಳ ಗೆಳತಿ. ಗೆಳತಿಯ ತಂದೆತಾಯಿ ನೇಪಾಳದವರು, ಸೊಲ್ಲಾಪುರ ರಸ್ತೆಯಲ್ಲಿ ಸಂಜೆ ಗೋಬಿ, ಮೊಮೊ ಮಾರುವ ಗಾಡಿ ಹಚ್ಚುತ್ತಾರೆ. ಹುಡುಗಿ ಹುಟ್ಟಿದ್ದು, ಬೆಳೆದದ್ದು ಇಲ್ಲೇ. ಆದರೂ ವರ್ಗದ ಹುಡುಗರಿಗೆ ಅವಳು "ಚೀನಾ". ನನ್ನ ಮಗಳು ಬಣ್ಣದಲ್ಲಿ ನನ್ನ ಹಾಗೆ, ನನ್ನ ಅವ್ವನ ಹಾಗೆ ಕಪ್ಪು. ಅವಳು "ಕಾಗಿ". ಯಾರೂ ಪಕ್ಕದಲ್ಲಿ ಕೂಡಿಸಿಕೊಳ್ಳದ ಇಬ್ಬರೂ ಒಂದೇ ಬೆಂಚಿಗೆ ಬಂದು ಗೆಳತಿಯರಾಗಿದ್ದರು.

ನನಗೆ ಕುರ್ಚಿ ತೋರಿಸಿದರು. ಗೆಳತಿಯ ತಾಯಿ ನನಗಿಂತ ಮೊದಲೇ ಬಂದು ನಿಂತೇ ಇದ್ದಳು. ನಾನೂ ಕೂಡಲಿಲ್ಲ.

"ಡಬ್ಬಿ ಈಕಿ ಚೀಲದಾಗ ಸಿಕ್ಕದ ನೋಡ್ರಿ," ಎಂದು ಮೇಡಂ ಗೆಳತಿಯತ್ತ ಕೈ ಮಾಡಿದರು. "ಅವರ ಕಡೆ ಇದೆಲ್ಲಾ ನಡೀತದ. ನಿಮ್ಮ ಹುಡುಗಿ ಈಕಿ ಸಂಗತಿ ಕೂಡಿ ಕೆಡಬಾರದಂತ ನಿಮ್ಮನ್ನ ಕರಸೀನಿ."

ಮೇಜಿನ ಮೇಲೆ ಕ್ರೀಮಿನ ಸಣ್ಣ ಡಬ್ಬಿ ಇತ್ತು. ಮುಚ್ಚಳ ತೆಗೆದೆ. ಒಳಗೆ ಕರ್ರಗಿನ ಪುಡಿ. ಮೂಸಿ ನೋಡುವುದೂ ಬೇಕಾಗಲಿಲ್ಲ. ನಾನು ಹುಟ್ಟಿ ಬೆಳೆದದ್ದೇ ಆ ವಾಸನೆಯಲ್ಲಿ. ತಂಬಾಕನ್ನು ಹಂಚಿನ ಮೇಲೆ ಹುರಿದು, ಪುಡಿ ಮಾಡಿ, ಬೆಳಿಗ್ಗೆ ಹಲ್ಲಿಗೆ ತಿಕ್ಕುವ ಮಸೇರಿ. ಬಿಜ್ಜರಗಿಯಲ್ಲಿರುವ ನನ್ನ ಅವ್ವ, ಮಗಳಿಗೆ ಆಯಿ, ಅದಿಲ್ಲದೆ ಚಹಾ ಸಹ ಕುಡಿಯುತ್ತಿರಲಿಲ್ಲ.

ನಾನು ಬಾಯಿ ತೆರೆಯುವ ಮೊದಲೇ ಮಗಳು ಅಂದಳು: "ಡಬ್ಬಿ ನಂದರಿ ಮೇಡಂ. ಆಯಿ ಮನ್ಯಾಗಿಂದ ತಂದೀನಿ. ಇಕಿ ಬ್ಯಾಡಂತ ನನ್ನ ಕೈಯಾಗಿಂದ ಕಸಗೊಂಡು ತನ್ನ ಚೀಲದಾಗ ಇಟಗೊಂಡಿದ್ಲು."

ಗೆಳತಿ ಅಳಲು ಶುರು ಮಾಡಿದಳು. ಇಷ್ಟು ಹೊತ್ತು ಅಂದದ್ದನ್ನೆಲ್ಲ ಅನಿಸಿಕೊಂಡು ನಿಂತಿದ್ದಳೇ ಹೊರತು ನನ್ನ ಮಗಳ ಹೆಸರು ಹೇಳಿರಲಿಲ್ಲ.

ಮೇಡಂ ನನ್ನ ಕಡೆ ತಿರುಗಿ, "ಹಂಗಾದ್ರ ನಿಮ್ಮ ಮಂದ್ಯಾಗೂ ಇದು ರೂಢಿ ಅದ ಅನ್ರಿ," ಅಂದರು. ನಮ್ಮದು ದಲಿತ ಬೌದ್ಧರ ಮನೆ ಎಂದು ಅವರಿಗೆ ಗೊತ್ತಿತ್ತು. ಸಿಟ್ಟು ಬಂತು. ಆದರೆ ದನಿ ಏರಿಸಲಿಲ್ಲ.

"ಎಲ್ಲಾ ಮಂದ್ಯಾಗೂ ಐತ್ರಿ ಮೇಡಂ. ನಿಮ್ಮೂರಾಗ ಯಾರೂ ಹಚ್ಚೂದಿಲ್ಲೇನ್ರಿ?"

ಅವರು ಡಬ್ಬಿಗೆ ಮುಚ್ಚಳ ಹಾಕಿದರು. ಆಮೇಲೆ ಮೆಲ್ಲಗೆ, "ನಮ್ಮತ್ತಿ ಹಚ್ಚತಿದ್ರು," ಅಂದರು. "ಬಾಯಾಗ ಹುಣ್ಣಾಗಿ ಹೋದ್ರು." ಎದ್ದು ಬಂದು ಗೆಳತಿಯ ತಾಯಿಯ ಕೈ ಹಿಡಿದು ಕುರ್ಚಿಯಲ್ಲಿ ಕೂಡಿಸಿದರು. "ತಪ್ಪಾತ್ರಿ," ಎಂಬ ಮಾತೂ ಬಂತು. ಆ ತಾಯಿ ಮಗಳನ್ನು ಹತ್ತಿರ ಕರೆದು ಅವಳ ಜಡೆ ಸರಿಮಾಡುತ್ತ ಕೂತಳು.

ಮನೆಗೆ ಬಂದು ಚಹಾ ಮಾಡಿ ಮಗಳ ಎದುರಿಗಿಟ್ಟು, "ಯಾಕ ಹಚ್ಚಿದಿ?" ಎಂದು ಕೇಳಿದೆ.

"ಹಚ್ಚಿಕೊಂಡ್ರ ತಲಿ ಗಿರ್ ಅಂತಿತ್ತು ಬೇ. ಕಾಗಿ ಅಂತ ಹಿಂದಿಂದ ಒದರಿದ್ರೂ ದೂರ ಎಲ್ಲೋ ಒದರಿದಂಗ ಆಗತಿತ್ತು."

ಸಿಟ್ಟು ಮಾಡಬೇಕೆಂದಿದ್ದೆ. ಅದನ್ನು ಕೇಳಿದ ಮೇಲೆ ಎಲ್ಲಿಂದ ಸಿಟ್ಟು ತರಲಿ? ಅವಳ ತಲೆಯನ್ನು ತೊಡೆಯ ಮೇಲೆ ಹಾಕಿಕೊಂಡು ಕೂತೆ.

ಆ ರವಿವಾರ ತಿಕೋಟಾ ಮೇಲಿಂದ ಬಿಜ್ಜರಗಿಗೆ ಹೋದೆವು. ಅವ್ವ ಅಂಗಳದಲ್ಲಿ ಕೂತು ಆಡಿನ ಮರಿಗೆ ತಪ್ಪಲು ತಿನ್ನಿಸುತ್ತಿದ್ದಳು. ಮೊಮ್ಮಗಳೇ ಎಲ್ಲವನ್ನೂ ಹೇಳಿದಳು. ತಲೆ ಗಿರ್ ಅನ್ನುವ ಮಾತು ಬಂದಾಗ ಅವ್ವನ ಕೈ ನಿಂತಿತು.

"ನಾನೂ ನಿನ್ನಷ್ಟ ಇದ್ನೆವ್ವಾ, ಸುರು ಮಾಡಿದಾಗ," ಅಂದಳು. "ಹೊಲದಾಗ ಹಸಿವಿ ತಿಳೀಬಾರದಂತ ಹಚ್ಚತೀನಂತ ಎಲ್ಲಾರಿಗೂ ಹೇಳತಿದ್ದೆ. ಹಸಿವಿ ಒಂದ ಅಲ್ಲ. ಬಾಂವಿ ಮ್ಯಾಲ ನಮ್ಮನ್ನ ದೂರ ನಿಂದರಸಿ, ಮ್ಯಾಲಿಂದ ನೀರು ಸುರೀತಿದ್ರು. ಅವರು ಆಡೂ ಮಾತು ಕೇಳಬಾರದಲ್ಲ, ಅದಕ್ಕ."

ಇಷ್ಟು ವರ್ಷ ನಾನು ಅವ್ವನಿಗೆ ಮಸೇರಿ ಬಿಡು ಎಂದು ಎಷ್ಟು ಸಲ ಹೇಳಿದ್ದೇನೋ. ಯಾಕೆ ಹಿಡಿದೆ ಎಂದು ಕೇಳಿರಲಿಲ್ಲ.

ಅವ್ವ ಒಳಗೆ ಹೋಗಿ, ಹುರಿಯಲು ಇಟ್ಟಿದ್ದ ತಂಬಾಕನ್ನು ತಂದು ತಿಪ್ಪೆಗೆ ಚೆಲ್ಲಿದಳು. "ನಡಿ, ನಾನೂ ಬರತೀನಿ. ಇಬ್ಬರೂ ಕೂಡೇ ಬಿಡೂನು. ಒಬ್ಬಾಕಿ ಬಿಡಾಕ ಆಗೂದಿಲ್ಲ ಇದು."

ಹೇಳಿದಷ್ಟು ಸುಲಭ ಇರಲಿಲ್ಲ. ವಿಜಯಪುರದ ನಮ್ಮ ಎರಡು ಕೋಣೆಯ ಮನೆಯಲ್ಲಿ ಇಬ್ಬರಿಗೂ ತಲೆಶೂಲೆ, ಇಬ್ಬರಿಗೂ ಮೂಗಿನ ತುದಿಯಲ್ಲೇ ಸಿಟ್ಟು. ಲವಂಗ ಕೊಟ್ಟೆ, ಅಜವಾನ ಕೊಟ್ಟೆ, ದವಾಖಾನೆಯಲ್ಲಿ ಡಾಕ್ಟರಿಗೂ ತೋರಿಸಿದೆ. ಒಮ್ಮೆ ಅವ್ವ ಹಾಲು ತರುತ್ತೇನೆಂದು ಹೋಗಿ ಅಂಗಡಿಯಿಂದ ಮಸೇರಿಯ ಒಂದು ಪುಡಿ ತಂದು, ಬಚ್ಚಲಲ್ಲಿ ತಿಕ್ಕಿಕೊಳ್ಳುತ್ತ ಮೊಮ್ಮಗಳ ಕೈಗೆ ಸಿಕ್ಕಿಬಿದ್ದಳು. "ಆಯಿ, ಉಗುಳು!" ಎಂದು ಅವಳು ಒದರಿದ್ದು ನಾಕು ಮನೆಗೆ ಕೇಳಿತು. ಅವ್ವ ಉಗುಳಿ, ಬಾಯಿ ಮುಕ್ಕಳಿಸಿ, ಸಣ್ಣ ಹುಡುಗಿಯಂತೆ ನಕ್ಕಳು. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಮೂವರೂ ನಕ್ಕದ್ದು ಅದೇ ಮೊದಲು.

ಗೆಳತಿ ರವಿವಾರ ಬರುತ್ತಿದ್ದಳು. ಅವಳ ತಾಯಿ ಡಬ್ಬಿ ತುಂಬ ಬಿಸಿ ಮೊಮೊ ಕಳಿಸುತ್ತಿದ್ದಳು. ಅವ್ವ ಮೊದಲ ಸಲ ಒಂದನ್ನು ತಿರುವಿ ಮುರುವಿ ನೋಡಿ, "ಇದು ಕಡಬ ಐತಲ್ಲಬೇ!" ಅಂದಳು. ಎರಡನೆಯದನ್ನು ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದಳು.

"ಯಾವೂರವ್ವಾ ನಿಂದು?"

"ವಿಜಯಪುರರಿ ಆಯಿ."

"ಮಾತು ಕೇಳಿದ್ರ ನಮ್ಮ ಬಿಜ್ಜರಗಿದ ಅನ್ನಸ್ತೈತಿ," ಎಂದು ಅವ್ವ ಅವಳ ಗದ್ದ ಹಿಡಿದು ಮುಖ ನೋಡಿದಳು. "ಚಂದ ಅದಿ."

ಅವ್ವ ಈಗ ಊರಿಗೆ ಮರಳಿದ್ದಾಳೆ. ಓಣಿಯ ಹೆಂಗಸರು ಡಬ್ಬಿ ಮುಂದೆ ಹಿಡಿದರೆ, "ಮೊಮ್ಮಗಳು ಬೈತಾಳ" ಅನ್ನುತ್ತಾಳಂತೆ. ಹುಡುಗಿಯರಿಬ್ಬರೂ ಪಿಯುಸಿ ಓದುತ್ತಿದ್ದಾರೆ. ಕಾಗಿ, ಚೀನಾ ಅನ್ನುವವರು ಕಾಲೇಜಿನಲ್ಲೂ ಇದ್ದಾರೆ. ಅಂದವರಿಗೆ ಈಗ ಇಬ್ಬರೂ ತಿರುಗಿ ಉತ್ತರ ಕೊಡುತ್ತಾರೆ. ಒಮ್ಮೊಮ್ಮೆ ಮಾತ್ರ ಆಗುವುದಿಲ್ಲ. ಅಂಥ ದಿನ ಕೆಲಸದ ನಡುವೆ ನನಗೆ ಮಗಳ ಫೋನ್ ಬರುತ್ತದೆ.

"ಯವ್ವಾ, ಇವತ್ತ ಹಚ್ಚಬೇಕು ಅನ್ನಸಾಕತ್ತೈತಿ."

"ಮಾತಾಡು," ಅನ್ನುತ್ತೇನೆ. ಅವಳು ಮಾತಾಡುತ್ತಾಳೆ. ನಾನು ಕೇಳುತ್ತ ನಿಲ್ಲುತ್ತೇನೆ.