ತಾರೀಖಿಲ್ಲದ ಹಳದಿ ಚೀಟಿ

ಬೆಳಗಿನ ಐದೂಮುಕ್ಕಾಲು. ದನಗಳ ಹರಾಜು ನಡೆಯುವ ತಗಡಿನ ಕೊಟ್ಟಿಗೆಯೊಳಗೆ ವರ್ನಾ ಪಿಕೆಟ್ ತಮ್ಮ ಮಡಿಸುವ ಮೇಜಿನ ಕಾಲನ್ನು ಒದ್ದು ಬಿಡಿಸುತ್ತಾರೆ. ಆ ಒಂದು ಕಾಲು ಪ್ರತಿ ಸಲವೂ ಹಟ ಮಾಡುತ್ತದೆ, ಪ್ರತಿ ಸಲವೂ ಅವರು ಅದಕ್ಕೆ ಅದೇ ಬೈಗುಳ ಬೈಯುತ್ತಾರೆ. ಮೇಲೆ ಹಸಿರು ಬಟ್ಟೆ ಹಾಸಿ, ಕುತ್ತಿಗೆ ಬಾಗುವ ದೀಪ, ಹತ್ತಿಬಟ್ಟೆಯ ಚೂರುಗಳ ಡಬ್ಬಿ, ಕಾಫಿ ಫ್ಲಾಸ್ಕು, ಹಳದಿ ಚೀಟಿಗಳ ಕಟ್ಟು ಎಲ್ಲವನ್ನೂ ಅವುಗಳ ಜಾಗದಲ್ಲಿಡುತ್ತಾರೆ. ದೀಪ ಹೊತ್ತುವಷ್ಟರಲ್ಲಿ ಎದುರಿಗೆ ಹನ್ನೊಂದು ಜನ. ಒಬ್ಬೊಬ್ಬರ ಒಂದು ಕೈಯಲ್ಲಿ ಪಿಸ್ತೂಲಿನ ಡಬ್ಬಿ, ಇನ್ನೊಂದರಲ್ಲಿ ಅಂಚು ಮುದುರಿದ ಹಳೆಯ ಹಳದಿ ಚೀಟಿ.

ವರ್ನಾ ದೀರ್ಘವಾಗಿ ಉಸಿರು ಬಿಡುತ್ತಾರೆ. "ಮದುವೆ ಸರ್ಟಿಫಿಕೇಟ್ ಕಳ್ಕೊಂಡಿದ್ದೀರಿ, ಟ್ರಕ್ಕಿನ ಕಾಗದ ಕಳ್ಕೊಂಡಿದ್ದೀರಿ. ಇದೊಂದನ್ನ ಮಾತ್ರ ಎಷ್ಟು ಜೋಪಾನವಾಗಿ ಇಟ್ಕೊಂಡಿದ್ದೀರಪ್ಪ."

ಓಕ್ಲಹೋಮಾದ ನಮ್ಮ ಈ ಊರಲ್ಲಿ ತಿಂಗಳ ಮೊದಲ ಮತ್ತು ಮೂರನೆಯ ಶನಿವಾರ ಹಳೆಯ ಸಾಮಾನಿನ ಸಂತೆ. ಕುದುರೆ ತಡಿ, ಟ್ರಾಕ್ಟರಿನ ಬಿಡಿಭಾಗ, ಗಾಜಿನ ಜಾಡಿಗಳ ಸಾಲು ದಾಟಿದರೆ ಬಂದೂಕಿನವರ ಸಾಲು. ಅದರ ಕೊನೆಯ ಮೇಜು ವರ್ನಾ ಅವರದು. ಅರವತ್ತೊಂಬತ್ತರ ಈ ಹೆಂಗಸು ಕೊಳ್ಳುವುದಿಲ್ಲ, ಮಾರುವುದಿಲ್ಲ. ಐದು ಡಾಲರ್ ಪಡೆದು, ಮಾರಾಟಕ್ಕಿರುವ ಹಳೆಯ ಪಿಸ್ತೂಲು ಕೇಳಿದ ಬೆಲೆಗೆ ತಕ್ಕದ್ದೋ ಅಲ್ಲವೋ ಎಂದು ನೋಡಿ, ಹಳದಿ ಚೀಟಿಯ ಮೇಲೆ ಎರಡು ಸಾಲು ಬರೆದು ಸಹಿ ಹಾಕುತ್ತಾರೆ. ಇಪ್ಪತ್ತಾರು ವರ್ಷಗಳಲ್ಲಿ ಇಂಥ ಚೀಟಿಗಳು ಒಂಬತ್ತು ಸಾವಿರದ ಆಸುಪಾಸು ಹೋಗಿವೆ. ಕೊಳ್ಳುವವರು ಇನ್ನೂ ದುಡ್ಡು ಕೊಡದ ಪಿಸ್ತೂಲನ್ನು ಎತ್ತಿಕೊಂಡು ಇವರ ಮೇಜಿಗೆ ಬರುವುದು, ಮಾರುವವರು ಪಕ್ಕದಲ್ಲೇ ಮುಖ ಗಂಟುಹಾಕಿ ನಡೆದು ಬರುವುದು ಈ ಸಂತೆಯ ರೂಢಿ. ಮಿಸ್ ವರ್ನಾಗೆ ತೋರಿಸೋದು ಬೇಡ ಎಂದವನ ಮಾಲನ್ನು ಯಾರೂ ಮುಟ್ಟುವುದಿಲ್ಲ.

ವರ್ನಾ ಅವರ ತಂದೆ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದರು. ಊರಲ್ಲಿ ಸಣ್ಣ ಸ್ಪ್ರಿಂಗು, ಸಣ್ಣ ತಿರುಪು ಬಲ್ಲವರು ಅವರೊಬ್ಬರೇ ಆದ್ದರಿಂದ ಬಂದೂಕುಗಳೂ ಅದೇ ಮೇಜಿಗೆ ಬರುತ್ತಿದ್ದವು. ವರ್ನಾ ಹತ್ತು ವರ್ಷಕ್ಕೆಲ್ಲ ಎರಡನ್ನೂ ಬಿಚ್ಚಿ ಜೋಡಿಸುತ್ತಿದ್ದರು. ಆಮೇಲೆ ಹದಿನೆಂಟು ವರ್ಷ ಜೀನ್ಸ್ ಕಾರ್ಖಾನೆಯಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸ. ಕಾರ್ಖಾನೆ ಮುಚ್ಚಿತು. ಗೋಧಿ ಲಾರಿ ಓಡಿಸುತ್ತಿದ್ದ ಗಂಡ ಡೇಲ್ ಬೆನ್ನು ಮುರಿದುಕೊಂಡು ಆರು ವರ್ಷ ಮಲಗಿದ್ದು ತೀರಿಕೊಂಡರು. ಆ ಆರು ವರ್ಷಗಳ ಬಗ್ಗೆ ಕೇಳಿದರೆ ವರ್ನಾ ಹೇಳುವುದು ಇಷ್ಟೇ: "ಅವನಿಗೆ ಊಟ ಮಾಡಿಸಿ ಇಲ್ಲಿಗೆ ಬರ್ತಿದ್ದೆ. ಇಲ್ಲಿ ಬೈಯೋಕೆ ಜನ ಸಿಗ್ತಿದ್ರು. ಅವನನ್ನ ಬೈಯೋ ಹಾಗಿರಲಿಲ್ಲ."

ಈಗ ಬೆರಳಿನ ಗಿಣ್ಣುಗಳು ಊದಿಕೊಂಡಿವೆ. ಆದರೂ ಪಿಸ್ತೂಲು ಕೈಗೆ ಬಂದ ಕೂಡಲೇ ಅವು ಬೇರೆ ಯಾರದೋ ಬೆರಳುಗಳಾಗುತ್ತವೆ. ಮೊದಲು ಹಿಡಿಯೊಳಗೆ ಕೂರುವ ಗುಂಡಿನ ಪಟ್ಟಿ ಹೊರಗೆ. ಸ್ಲೈಡ್ ಎನ್ನುವ ಮೇಲ್ಕವಚ ಹಿಂದಕ್ಕೆ. ಗುಂಡು ಕೂರುವ ಜಾಗಕ್ಕೆ ಕಿರುಬೆರಳು. ಖಾಲಿ ಇದೆ ಎಂದು ಎಷ್ಟು ಜನ ಆಣೆ ಮಾಡಿದ್ದರೂ ಕಿರುಬೆರಳು ಹೋಗಲೇಬೇಕು. ಇಪ್ಪತ್ತಾರು ವರ್ಷಗಳಲ್ಲಿ ಹದಿನೇಳು ಸಲ ಖಾಲಿ ಇರಲಿಲ್ಲ. ಅದರಲ್ಲಿ ಒಂದನ್ನು ತಂದವರು ಪಾದ್ರಿ. ಆಮೇಲೆ ಹಳದಿ ಚೀಟಿಯನ್ನೇ ತೆರೆದ ಹಿಂಬದಿಗೆ ಹಿಡಿದು ದೀಪ ಬಗ್ಗಿಸುತ್ತಾರೆ. ಚೀಟಿಯಿಂದ ಹೊಮ್ಮಿದ ಬೆಳಕು ನಳಿಗೆಯೊಳಗೆ ಹರಿದು ಅಲ್ಲಿನ ಸುರುಳಿಗೆರೆಗಳು ಮೊನಚಾಗಿವೆಯೋ ಸವೆದಿವೆಯೋ ಹೇಳುತ್ತದೆ. ತಿರುಪಿನ ತಲೆ ಕಿತ್ತುಹೋಗಿದ್ದರೆ ಯಾರೋ ತಿಳಿಯದವರು ಬಿಚ್ಚಿದ್ದಾರೆ. ಬಣ್ಣ ಅತಿಯಾಗಿ ಹೊಳೆದರೆ ಏನನ್ನೋ ಮುಚ್ಚಿದ್ದಾರೆ.

ತಾಳ್ಮೆ ಕೆಡಿಸುವುದು ಪಿಸ್ತೂಲಲ್ಲ, ಅದರ ಜೊತೆ ಬರುವ ಮಾತು. ಒಂದೇ ಡಬ್ಬಿ ಗುಂಡು ಹೊಡೆದದ್ದು ಎಂದು ಎಲ್ಲರೂ ಹೇಳುತ್ತಾರೆ. ನಳಿಗೆ ಗಾಡಿಯ ಹಳೆಯ ಟೈರಿನಂತೆ ನುಣ್ಣಗಾಗಿದ್ದರೂ ಒಂದೇ ಡಬ್ಬಿ. ಅಜ್ಜ ಯುದ್ಧದಿಂದ ತಂದದ್ದು ಎನ್ನುತ್ತಾರೆ. ಆ ಪಿಸ್ತೂಲು ತಯಾರಾಗುವ ಹೊತ್ತಿಗೆ ಅಜ್ಜ ಪಿಂಚಣಿ ಎಣಿಸುತ್ತಿದ್ದರು. ಹೊಸತಕ್ಕೆ ಐನೂರು, ಆದ್ದರಿಂದ ಹಳೆಯದಕ್ಕೆ ನಾನೂರೈವತ್ತು, ಮೇಲೆ ಚರ್ಮದ ಚೀಲಕ್ಕೆ ಅರವತ್ತು, ಒಟ್ಟು ಐನೂರ ಹತ್ತು ಎಂದು ಕೂಡಿಸಿ ತೋರಿಸಿದವರೂ ಇದ್ದಾರೆ. ಇನ್ನು ಕೆಲವರು ಮೇಜಿನ ಮುಂದೆ ನಿಂತು, ಪಿಸ್ತೂಲು ನೋಡುವವರು ಎಲ್ಲಿ, ಯಾವಾಗ ಬರ್ತಾರೆ ಎಂದು ವರ್ನಾ ಅವರನ್ನೇ ಕೇಳುತ್ತಾರೆ. ಕಾಫಿ ಕುಡಿಯೋಕೆ ಹೋಗಿದಾನೆ, ಇನ್ನು ಬರಲ್ಲ ಎಂದು ಅವರು ಉತ್ತರಿಸುತ್ತಾರೆ.

ಈ ಬೆಳಗಿನ ಸಾಲು ಮಾತ್ರ ಬೇರೆ. ಇವರು ಯಾರೂ ಐದು ಡಾಲರ್ ಕೊಡುವುದಿಲ್ಲ, ವರ್ನಾ ಕೇಳುವುದೂ ಇಲ್ಲ. ಇದಕ್ಕೆ ಕಾರಣ ಮಾರ್ಚ್ ತಿಂಗಳ ಮೊದಲ ಶನಿವಾರ.

ಡಾರ್ಲಾ ಬೀಸನ್ ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ನರ್ಸ್. ಫೋನು ಸಿಗದ ಮಣ್ಣುದಾರಿಗಳಲ್ಲಿ ಒಬ್ಬಳೇ ಕಾರು ಓಡಿಸುತ್ತಾಳೆ. ಜನವರಿಯಲ್ಲಿ ಒಬ್ಬ ಗಂಡಸು ಹನ್ನೆರಡು ಮೈಲಿ ಅವಳ ಹಿಂದೆಯೇ ಬಂದ. ಅಂದಿನಿಂದ ಕೂಡಿಟ್ಟ ನಾನೂರು ಡಾಲರ್ ಹಿಡಿದು ಆ ಶನಿವಾರ ಸಂತೆಗೆ ಬಂದಿದ್ದಳು. ಲಾಯ್ಡ್ ಹ್ಯಾಗನ್ ಎಂಬ ವ್ಯಾಪಾರಿಯ ಮೇಜಿನ ಮೇಲಿದ್ದ ಒಂದು ಅರೆ-ಸ್ವಯಂಚಾಲಿತ ಪಿಸ್ತೂಲು ಅವಳ ಕೈಗೆ ಹಿತವಾಗಿ ಕೂತಿತು. ಲಾಯ್ಡ್ ನಾನೂರ ಇಪ್ಪತ್ತೈದು ಕೇಳಿದ. ರೂಢಿಯಂತೆ ಇಬ್ಬರೂ ವರ್ನಾ ಅವರ ಮೇಜಿಗೆ ಬಂದರು. ಲಾಯ್ಡ್ ನಗುತ್ತಲೇ ಬಂದ. ನರ್ಸಮ್ಮ ಸುಮ್ಮನೆ ಐದು ಡಾಲರ್ ಯಾಕೆ ಕಳೀಬೇಕು, ನೀನೇ ಬರೆದ ಚೀಟಿ ಡಬ್ಬಿಯಲ್ಲೇ ಇದೆ ಎಂದು ತೆಗೆದುಕೊಟ್ಟ.

ಚೀಟಿಯ ಮೇಲೆ ನೇರಳೆ ಶಾಯಿಯಲ್ಲಿ ಬರೆದಿತ್ತು: ಗಟ್ಟಿ ಮಾಲು, ನಾನೂರಕ್ಕೆ ಮೋಸವಿಲ್ಲ. ಕೆಳಗೆ ಸಹಿ. ನೇರಳೆ ಪೆನ್ನನ್ನು ವರ್ನಾ ಬಿಟ್ಟು ಹತ್ತು ವರ್ಷವಾಗಿತ್ತು.

"ನನ್ನ ಅಕ್ಷರ ನೋಡಿ ನಾನೇ ನಂಬಿಬಿಟ್ಟೆ," ಎಂದು ವರ್ನಾ ಈಗ ಹೇಳುತ್ತಾರೆ. "ಖುಷಿನೂ ಆಯ್ತು, ಸುಳ್ಳು ಯಾಕೆ ಹೇಳ್ಲಿ. ತಗೋ ಕಂದಾ, ಒಳ್ಳೇದು ಅಂತ ಬಾಯಿ ತೆಗೆದಿದ್ದೆ. ಆದ್ರೆ ಕೈಗೆ ಓದೋಕೆ ಬರಲ್ಲ ನೋಡು, ಅದು ತನ್ನ ಕೆಲಸ ಶುರು ಮಾಡ್ಕೊಂಡಿತ್ತು."

ಪಟ್ಟಿ ಹೊರಗೆ, ಕಿರುಬೆರಳು ಒಳಗೆ, ಖಾಲಿ. ಹಿಂದಕ್ಕೆಳೆದ ಸ್ಲೈಡನ್ನು ಬಿಟ್ಟರು. ಅದು ಮುಚ್ಚಿಕೊಂಡಾಗ ಗುಂಡಿಗೆ ಪೆಟ್ಟು ಕೊಡುವ ಹಿಂಬದಿಯ ಸುತ್ತಿಗೆ ಮೇಲೆದ್ದೇ ನಿಲ್ಲಬೇಕು. ನಿಲ್ಲಲಿಲ್ಲ, ಜೊತೆಗೇ ಬಿತ್ತು. ಇನ್ನೊಂದು ಸಲ ಬಿಟ್ಟರು, ಬಿತ್ತು. ಮೂರನೆಯ ಸಲವೂ ಬಿತ್ತು. ಗುಂಡು ತುಂಬಿದ್ದರೆ, ಟ್ರಿಗರಿನ ಹತ್ತಿರ ಬೆರಳೇ ಇಲ್ಲದೆ, ಡಾರ್ಲಾಳ ಕಾರಿನೊಳಗೆ ಅದು ತಾನಾಗಿ ಸಿಡಿಯಬಹುದಿತ್ತು. ವರ್ನಾ ಚೀಟಿ ಬರೆದ ನಂತರ ಯಾರೋ ಟ್ರಿಗರ್ ಹಗುರವಾಗಲಿ ಎಂದು ಅಡುಗೆಮನೆ ಮೇಜಿನ ಮೇಲೆ ಕೂತು ಸುತ್ತಿಗೆಯನ್ನು ತಡೆದು ಹಿಡಿಯುವ ಒಳಗಿನ ಕೊಕ್ಕೆಗೆ ಅರ ತಿಕ್ಕಿದ್ದರು. ಪಿಸ್ತೂಲು ಬದಲಾಗಿತ್ತು. ಚೀಟಿ ಹಾಗೇ ಇತ್ತು.

ಅರ ತಿಕ್ಕಿದವನು ಲಾಯ್ಡ್ ಅಲ್ಲ. ಅವನೂ ಅದೇ ಚೀಟಿ ನಂಬಿ ಪಕ್ಕದ ಜಿಲ್ಲೆಯವನಿಗೆ ಮುನ್ನೂರ ಎಂಬತ್ತು ಕೊಟ್ಟಿದ್ದ. ಅದಕ್ಕೇ, ಇದನ್ನು ಕೊಳ್ಳಬೇಡ ಎಂದು ವರ್ನಾ ಡಾರ್ಲಾಗೆ ಹೇಳಿದಾಗ ಅವನ ಸಿಟ್ಟು ಇನ್ನೂ ಹೆಚ್ಚಾಯಿತು. ಸಾಲಿನ ವ್ಯಾಪಾರಿಗಳೆಲ್ಲ ತಿರುಗಿ ನೋಡುವಂತೆ ಕೇಳಿದ: "ಆವತ್ತು ಸುಳ್ಳು ಬರೆದ್ಯೋ, ಇವತ್ತು ಸುಳ್ಳು ಹೇಳ್ತಿದ್ದೀಯೋ, ಮಿಸ್ ವರ್ನಾ?"

"ಎರಡು ದಿನಾನೂ ನಿಜಾನೇ ಹೇಳಿದ್ದೀನಿ," ಎಂದರು ವರ್ನಾ. "ಯಾವ ದಿನ ಅಂತ ಬರೀಲಿಲ್ಲ. ಅದು ನನ್ನ ಮುಠ್ಠಾಳತನ."

ಒಂಬತ್ತು ಸಾವಿರ ಚೀಟಿಗಳಲ್ಲಿ ಒಂದಕ್ಕೂ ತಾರೀಖಿಲ್ಲ. ತಂದೆ ಹೊಲಿಗೆ ಯಂತ್ರಕ್ಕೆ ಕಟ್ಟುತ್ತಿದ್ದ ಚೀಟಿಯಲ್ಲೂ ತಾರೀಖಿರಲಿಲ್ಲ. ಹೊಲಿಗೆ ಯಂತ್ರ ಒಂದೇ ಮನೆಯ ಮೂಲೆಯಲ್ಲಿ ನಲವತ್ತು ವರ್ಷ ಕೂತಿರುತ್ತದೆ. ನಮ್ಮ ಕಡೆ ಪಿಸ್ತೂಲು ಹಾಗಲ್ಲ, ಎರಡು ವರ್ಷಕ್ಕೆ ಮೂರು ಮನೆ ಬದಲಿಸುತ್ತದೆ. ಪ್ರತಿ ಮನೆಯಲ್ಲೂ ತನ್ನನ್ನು ಮೇಸ್ತ್ರಿ ಎಂದುಕೊಂಡವನೊಬ್ಬ ಇರುತ್ತಾನೆ.

ಆ ಮಧ್ಯಾಹ್ನ ವರ್ನಾ ಹರಾಜು ಕೂಗುವವನ ಮೈಕು ಕಸಿದುಕೊಂಡರು. ತಾರೀಖಿಲ್ಲದ ಯಾವ ಹಳದಿ ಚೀಟಿಯೂ ಇವತ್ತಿನಿಂದ ನನ್ನ ಮಾತಲ್ಲ, ತಂದು ತೋರಿಸಿ, ಬಿಟ್ಟಿ ನೋಡಿಕೊಡ್ತೀನಿ ಎಂದರು. ಇಪ್ಪತ್ತಾರು ವರ್ಷದ ಮಾತನ್ನು ಒಂದೇ ಉಸಿರಿನಲ್ಲಿ ಹಿಂದಕ್ಕೆ ತೆಗೆದುಕೊಂಡರೆ ಮುಂದಿನ ಮಾತನ್ನು ಯಾರು ನಂಬಬೇಕು? ವ್ಯಾಪಾರಿಗಳು ಇದನ್ನೇ ಕೇಳಿದರು. ಕೆಲವರು ಮುದುಕಿಗೆ ಅರಳುಮರಳು ಎಂದರು. ಏಪ್ರಿಲಿನಲ್ಲಿ ಐದು ಡಾಲರ್ ಕೊಟ್ಟು ತೋರಿಸಿದವರು ಇಡೀ ತಿಂಗಳಿಗೆ ನಾಲ್ಕೇ ಜನ.

ಈ ನಾಲ್ಕು ತಿಂಗಳಲ್ಲಿ ವಾಪಸ್ ಬಂದ ಚೀಟಿಗಳು ನೂರ ತೊಂಬತ್ತೆರಡು. ಅವುಗಳಲ್ಲಿ ಒಳಗೆ ಕೈಯಾಡಿಸಿದ ಪಿಸ್ತೂಲುಗಳು ಮೂವತ್ತೊಂದು. ವಾಪಸ್ ಬರದ ಸಾವಿರಾರು ಎಲ್ಲೆಲ್ಲಿವೆಯೋ, ಯಾರ ದಿಂಬಿನ ಕೆಳಗಿವೆಯೋ. ಅವುಗಳ ಮಾತು ಬಂದಾಗ ಮಾತ್ರ ವರ್ನಾ ಯಾರನ್ನೂ ಬೈಯುವುದಿಲ್ಲ. ದೀಪದ ಕುತ್ತಿಗೆಯನ್ನು ಸುಮ್ಮನೆ ಅತ್ತಿತ್ತ ಬಗ್ಗಿಸುತ್ತಾರೆ.

ಡಾರ್ಲಾ ಮೇ ತಿಂಗಳಲ್ಲಿ ಬೇರೊಂದು ಪಿಸ್ತೂಲು ಕೊಂಡಳು, ಮುನ್ನೂರ ನಲವತ್ತಕ್ಕೆ, ತಾರೀಖು ಹಾಕಿದ ಚೀಟಿಯೊಂದಿಗೆ. ಪ್ರತಿ ತಿಂಗಳು ತಂದು ಮತ್ತೆ ತೋರಿಸುತ್ತಾಳೆ, ಜೊತೆಗೆ ಸಾಸೇಜು ಇಟ್ಟ ಮೆತ್ತನೆಯ ಬನ್ನಿನ ಪೊಟ್ಟಣ. ಜಿಲ್ಲೆಯಲ್ಲಿ ಇವಳೊಬ್ಬಳಿಗೆ ಅರ್ಥವಾಗಿದೆ ಎಂದು ವರ್ನಾ ದೂರುವ ದನಿಯಲ್ಲೇ ಹೊಗಳುತ್ತಾರೆ.

ಎಂಟು ಗಂಟೆಗೆ ಸಾಲು ಕರಗುತ್ತದೆ. ಇದನ್ನೆಲ್ಲ ಬರೆದುಕೊಳ್ಳಲು ಬಂದು ಪಕ್ಕದ ಮಡಿಸುವ ಕುರ್ಚಿಯಲ್ಲಿ ಕೂತ ನನಗೆ, ಬರೆಯೋದಾದ್ರೆ ಬರಿ, ದೀಪಕ್ಕೆ ಅಡ್ಡ ಬರಬೇಡ ಎಂದು ಮೂರನೆಯ ಸಲ ಹೇಳುತ್ತಿರುವಾಗ ಕೊನೆಯವನು ಮುಂದೆ ಬರುತ್ತಾನೆ. ಲಾಯ್ಡ್ ಹ್ಯಾಗನ್. ಅದೇ ಡಬ್ಬಿ. ಮಾರ್ಚಿನಿಂದ ಇಬ್ಬರ ನಡುವೆ ಮಾತಿರಲಿಲ್ಲ. ಬಲ್ಲವರ ಹತ್ತಿರ ಹೊಸ ಕೊಕ್ಕೆ ಹಾಕಿಸಿದ್ದೇನೆ ಎಂದು ನೆಲ ನೋಡುತ್ತ ಹೇಳಿ ನೇರಳೆ ಶಾಯಿಯ ಹಳೆಯ ಚೀಟಿಯನ್ನು ಮೇಜಿನ ಮೇಲಿಡುತ್ತಾನೆ. ಅದರ ಮೇಲೆ ಐದು ಡಾಲರಿನ ನೋಟು. ವರ್ನಾ ನೋಟನ್ನು ಹಿಂದಕ್ಕೆ ತಳ್ಳುತ್ತಾರೆ. ಅವನು ಮತ್ತೆ ಮುಂದಕ್ಕೆ ತಳ್ಳುತ್ತಾನೆ.

ಪಟ್ಟಿ, ಸ್ಲೈಡು, ಕಿರುಬೆರಳು. ಸ್ಲೈಡ್ ಮುಚ್ಚಿಕೊಳ್ಳುತ್ತದೆ, ಸುತ್ತಿಗೆ ನಿಲ್ಲುತ್ತದೆ. ವರ್ನಾ ಹತ್ತು ಸಲ ಬಿಡುತ್ತಾರೆ, ಹತ್ತು ಸಲವೂ ನಿಲ್ಲುತ್ತದೆ. ಹಳೆಯ ಚೀಟಿಯನ್ನು ನಾಲ್ಕಾಗಿ ಹರಿದು ಜೇಬಿಗೆ ಹಾಕಿಕೊಂಡು ಹೊಸದರ ಮೇಲೆ ಬರೆಯುತ್ತಾರೆ: ಮುನ್ನೂರ ಅರವತ್ತಕ್ಕೆ ಮೋಸವಿಲ್ಲ. ಆಮೇಲೆ ತಾರೀಖು, ದೊಡ್ಡ ಅಂಕಿಗಳಲ್ಲಿ.

ಲಾಯ್ಡ್ ಓದುತ್ತಾನೆ. ಬೆಲೆಯ ಬಗ್ಗೆ ಗೊಣಗುತ್ತಾನೆ. ನಂತರ ದನಿ ತಗ್ಗಿಸಿ, ತಾರೀಖೊಂದು ಬಿಟ್ಟುಬಿಟ್ಟಿದ್ದರೆ ಇನ್ನೆರಡು ವರ್ಷವಾದರೂ ನಡೀತಿತ್ತು ಎನ್ನುತ್ತಾನೆ.

ವರ್ನಾ ಪೆನ್ನಿನ ಮುಚ್ಚಳ ಹಾಕಿ, ಒಂದು ಸಲ ಕಣ್ಣು ಮುಚ್ಚಿ ತೆರೆದು ಅವನನ್ನು ನೋಡುತ್ತಾರೆ.

"ಇವತ್ತು ನಾನು ಬರೆದಿದ್ದು ನಿಜ, ಲಾಯ್ಡ್. ನಾಳೇದು ನಾಳೆ. ಮತ್ತೆ ತಗೊಂಡ್ ಬಾ, ನಾನು ಇಲ್ಲೇ ಇರ್ತೀನಿ."