ಮುದ್ದೆ ಹೋಟೆಲಿನಲ್ಲಿ ಹಿಡಿದಿಟ್ಟ ದನಿ

ಗಂಟಲಿನ ಗಂಟು ತೆಗೆಯಲೇಬೇಕು ಎಂದು ಡಾಕ್ಟರು ಹೇಳಿದಾಗ ಅಪ್ಪ ಕೇಳಿದ್ದು ಒಂದೇ ಮಾತು. "ಆಮೇಲೆ ಹಾಡ್ಬೋದಾ ಸ್ವಾಮಿ?"

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಮಾತಾಡೋಕೇನೂ ತೊಂದ್ರೆ ಇಲ್ಲ ಯಜಮಾನ್ರೇ."

ನಮ್ಮ ಮಧುಗಿರಿ ಕಡೆಯ ಪೌರಾಣಿಕ ನಾಟಕಗಳಲ್ಲಿ ಅಪ್ಪನದು ಯಾವಾಗಲೂ ರಾಜಪಾರ್ಟು. ದನಿ ಏರಿಸಿ ಅವರು ಕಂದಪದ್ಯ ಎತ್ತಿಕೊಂಡರೆ ಹಚ್ಚಿದ ಬೀಡಿ ಜನರ ಕೈಯಲ್ಲೇ ಆರಿಹೋಗುತ್ತಿತ್ತು. ಆದರೆ ಒಂದು ಹಾಡನ್ನೂ ನಾವು ರೆಕಾರ್ಡ್ ಮಾಡಿಟ್ಟಿರಲಿಲ್ಲ. ಆಪರೇಷನ್ನಿಗೆ ಮೊದಲು ಆ ದನಿ ಉಳಿಸಿಕೊಳ್ಳಬೇಕೆಂದು ನನ್ನ ತಮ್ಮ ಒಂದು ಮೈಕು ತಂದ. ಮನೆಯಲ್ಲಿ ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ, ಒಲೆಯ ಮೇಲಿದ್ದ ಕುಕ್ಕರನ್ನೂ ಇಳಿಸಿದೆ. ಅಪ್ಪ ಮಂಡಿ ಜೋಡಿಸಿ ಸೋಫಾದ ಅಂಚಿಗೆ ಕೂತರು, ಸಾಲ ಕೇಳಲು ಬಂದವರ ಹಾಗೆ.

"ಯಾರ್‍ಗೆ ಹಾಡ್ಲಿ ಮಗಾ? ಗ್ವಾಡೆಗಾ?"

ಸರಿ, ಮೈಕು ಎತ್ತಿಕೊಂಡು ಶಿರಾ ರಸ್ತೆಯ ಮುದ್ದೆ ಹೋಟೆಲಿಗೆ ಹೋದೆವು. ಊಟದ ಹೊತ್ತಿನಲ್ಲಿ ಅಪ್ಪನ ತಂಡ ತಾಲೀಮು ಮಾಡುತ್ತಿದ್ದದ್ದು ಅಲ್ಲೇ. ಕೊರಟಗೆರೆಯಿಂದ ಹಾರ್ಮೋನಿಯಂ ಮೇಷ್ಟ್ರು ಬಂದಿದ್ದರು. ನಾನು ಓದಿದ ಕಾನ್ವೆಂಟಿನಲ್ಲಿ ಯಾರಾದರೂ ಹಾಡುವಾಗ ಕೆಮ್ಮು ಬಂದರೂ ಕರ್ಚೀಫಿನೊಳಗೆ ನುಂಗಿಕೊಳ್ಳಬೇಕಿತ್ತು. ಅದೇ ಅಭ್ಯಾಸದಲ್ಲಿ ಮೇಜಿನಿಂದ ಮೇಜಿಗೆ ಹೋಗಿ, "ದಯವಿಟ್ಟು ಸದ್ದು ಮಾಡಬೇಡಿ" ಎಂದು ಕೇಳಿಕೊಂಡೆ. ಪಾಪ, ಎಲ್ಲರೂ ತಲೆಯಾಡಿಸಿದರು. ಒಬ್ಬರಂತೂ ಸ್ಟೀಲ್ ಲೋಟವನ್ನು ಮೊಟ್ಟೆಯೇನೋ ಎಂಬಂತೆ ಮೆಲ್ಲಗೆ ಕೆಳಗಿಟ್ಟರು.

ಅಪ್ಪ ಹಾಡು ಎತ್ತಿಕೊಂಡರು. ಮೇಲಿನ ಸ್ವರ ಹಿಡಿದು ಸುತ್ತ ನೋಡಿದರು. ಯಾರೂ ಉಸಿರೆತ್ತಲಿಲ್ಲ. ಅಲ್ಲಿಗೇ ನಿಲ್ಲಿಸಿಬಿಟ್ಟರು.

"ಯಾಕ್ರಲಾ? ಇಳಿದೋಗು ಅಂತೀರಾ?"

ನಮ್ಮ ಕಡೆ ಕಂದಪದ್ಯಕ್ಕೆ 'ವನ್ಸ್ ಮೋರ್' ಬೀಳಲಿಲ್ಲವೆಂದರೆ ಪಾತ್ರಧಾರಿ ಸ್ಟೇಜು ಬಿಟ್ಟು ಇಳಿಯಬೇಕೆಂದೇ ಅರ್ಥ. ಅದು ನನಗೆ ಹೊಳೆದೇ ಇರಲಿಲ್ಲ.

ಹೋಟೆಲಿನ ಅಕ್ಕ ಮುದ್ದೆ ಕೋಲು ಹಿಡಿದುಕೊಂಡೇ ಒಳಗಿನಿಂದ ಬಂದಳು. "ನಿನ್ ಮಗ್ಳೇ ಎಲ್ಲಾರ್ ಬಾಯ್ಗೂ ಬೀಗ ಹಾಕವ್ಳೆ ಕಣಣ್ಣ! ಇದೇನು ಹೋಟ್ಲಾ, ಇಸ್ಕೂಲಾ?"

ಎಲ್ಲರೂ ನನ್ನ ಕಡೆ ನೋಡಿದರು. "ಕೂಗಿ, ನಿಮಗೆ ಹೆಂಗೆ ಬೇಕೋ ಹಂಗೆ ಕೂಗಿ" ಎಂದೆ.

ಅಪ್ಪ ಮತ್ತೆ ಶುರುಮಾಡಿದರು. ಈ ಸಲ ಎದ್ದು ನಿಂತು, ಟವೆಲನ್ನು ಹೆಗಲ ಮೇಲೆ ಎಳೆದುಕೊಂಡು. ಮೊದಲ ಸಾಲಿಗೇ ಮೂಲೆಯಿಂದ "ವನ್ಸ್ ಮೋರ್!" ಪಾವಗಡದ ಲಾರಿ ಡ್ರೈವರೊಬ್ಬ ಸಾರಿನ ಕೈಯನ್ನೇ ಮೇಲೆತ್ತಿ, "ಇಂಕೋಸಾರಿ, ರಾಜಾ!" ಎಂದು ತೆಲುಗಿನಲ್ಲೇ ಕಿರುಚಿದ. ಅಪ್ಪನ ದನಿ ಏರಿತು, ಇನ್ನೂ ಏರಿತು. ಮೇಷ್ಟ್ರು ನಗುತ್ತಲೇ ಬೆನ್ನುಹತ್ತಿದರು. ಹಾಗೆ ಆರು ಹಾಡುಗಳಾದವು.

ಈಗ ಆಪರೇಷನ್ ಆಗಿದೆ. ಅಪ್ಪನ ಮಾತು ಒಣಗಿದ ಜೋಳದ ಗರಿ ಉಜ್ಜಿದ ಹಾಗೆ ಬರುತ್ತದೆ. ಹಾಡು ಹೋಯಿತು. ಆ ರೆಕಾರ್ಡಿಂಗ್ ಕೇಳಿದಾಗಲೆಲ್ಲ ನನಗೆ ಆ ಮಧ್ಯಾಹ್ನವೇ ಮೂಗಿಗೆ ಬರುತ್ತದೆ. ಹುರುಳಿ ಸಾರು, ಸೌದೆ ಹೊಗೆ, ನೀರು ಚಿಮುಕಿಸಿದ ನೆಲ. ತಮ್ಮ ಅದೇನೋ ಆ್ಯಪ್ ಹಾಕಿ ಗದ್ದಲವನ್ನೆಲ್ಲ ತೆಗೆದು ಅಪ್ಪನಿಗೆ ಕೇಳಿಸಿದ. ಬರೀ ದನಿ, ನೀಟಾಗಿತ್ತು. ಅಪ್ಪ ಸ್ವಲ್ಪ ಹೊತ್ತು ಕೇಳಿ, "ಯಾರೋ ಬಾವಿಯೊಳಗೆ ನಿಂತ್ಕಂಡು ಹಾಡ್ದಂಗದೆ, ನಿಲ್ಸಪ್ಪ" ಎಂದರು.

ಮೊದಲಿನದನ್ನೇ ಹಾಕಿದೆವು. ತಟ್ಟೆಗಳ ಸದ್ದು, ಬಸ್ಸಿನ ಹಾರನ್ನು, ಅಕ್ಕನ "ಯಾರಿಗ್ರೋ ಮುದ್ದೆ?" ಎಂಬ ಕೂಗು. ಅಪ್ಪ ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ ಕೂತರು. ಮೂರನೆಯ ಹಾಡಿನಲ್ಲಿ ಜನರ ಕೂಗು ಒಟ್ಟಿಗೇ ಎದ್ದು ದನಿಯನ್ನು ಪೂರ್ತಿ ಮುಚ್ಚಿಬಿಡುತ್ತದೆ. ಅಯ್ಯೋ, ಇಷ್ಟು ಹಾಳಾಯಿತಲ್ಲ ಎಂದುಕೊಂಡೆ.

ಅಪ್ಪ ನನ್ನ ಮಣಿಕಟ್ಟು ಹಿಡಿದರು. "ಅಲ್ಲೇ ಕಣವ್ವ," ಎಂದರು ಆ ಒಣಗಿದ ದನಿಯಲ್ಲಿ, "ಅಲ್ಲೇ ನಾನು ಚೆಂದಾಗಿ ಹಾಡಿದ್ದು."